ಹತ್ತು ಜನರ ಬೀಳ್ಕೊಡುಗೆ

ಗುಮಾಸ್ತರ ಬೀಳ್ಕೊಡುಗೆಗೆ ಅಡ್ಡ ಬಂದದ್ದು ಒಂದು ಅಂಕಿ. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಅಂಕಿಗಳ ಜೊತೆಗೇ ಸಂಸಾರ ಮಾಡಿದವರು ಅವರು. ಅಂಥವರ ಕೆಲಸದ ಕೊನೆಯ ದಿನ, ಬೆಳಗಿನ ಕಾಫಿ ಆರುವ ಮೊದಲೇ, ಅಂಕಿಯೊಂದು ಬಂದು ಎದೆಯ ಮೇಲೆ ಕೂತುಬಿಟ್ಟಿತು. ಪತ್ರಿಕೆಯ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿತ್ತು: ಹೊಸ ಕಾಯಿಲೆ ಹರಡುತ್ತಿರುವುದರಿಂದ ಇಂದಿನಿಂದ ಯಾವುದೇ ಸಭಾಂಗಣದಲ್ಲಿ ಹತ್ತಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ.

ಸಮಾರಂಭ ಸಂಜೆ ನಾಲ್ಕಕ್ಕೆ. ಬರುವವರು ಐವತ್ತು ಜನ.

ಆರು ತಿಂಗಳಿಂದ ಗುಮಾಸ್ತರಿಗೆ ಒಂದೇ ಕನಸು. ಕಚೇರಿಯ ಸಭಾಂಗಣ, ಕಿಟಕಿಗಳಿಂದ ಹಾಲು ಚೆಲ್ಲಿದಂಥ ಬಿಸಿಲು, ತಾವು ಎದ್ದು ನಿಲ್ಲುತ್ತಾರೆ. ಒಣಗಿದ ಕೊಳಾಯಿಗೆ ನೀರು ಬರುವ ಮುಂಚೆ ಗಾಳಿ ಬುಸುಗುಡುತ್ತದಲ್ಲ, ಹಾಗೆ ಒಂದು ಮೂಲೆಯಲ್ಲಿ ಸಣ್ಣಗೆ ಚಪ್ಪಾಳೆ ಶುರುವಾಗುತ್ತದೆ. ಆಮೇಲೆ ಒಮ್ಮೆಲೇ ಭೋರೆಂದು ಸುರಿಯುತ್ತದೆ. ಅದರಲ್ಲಿ ನೆನೆದು ಏಳುವ ಹೊತ್ತಿಗೆ ಬೆಳಗಾಗಿರುತ್ತಿತ್ತು. ಹುಟ್ಟಿದಾಗಿನಿಂದ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಶಾಲೆಯಲ್ಲಿ ಒಮ್ಮೆ ನಾಟಕದಲ್ಲಿ ಪಾತ್ರ ಮಾಡಿದ್ದರು, ಮರದ ಪಾತ್ರ. ಚಪ್ಪಾಳೆಯೆಲ್ಲ ರಾಜನಿಗೆ ಹೋಗಿತ್ತು.

"ಏನ್ ಮಾಡೋದೇ?" ಎಂದು ಪತ್ರಿಕೆಯನ್ನು ಹೆಂಡತಿಯ ಮುಂದೆ ಹಿಡಿದರು. ಆಕೆ ಪಾತ್ರೆ ತೊಳೆಯುತ್ತಿದ್ದಳು.

"ಮಾಡೋದೇನಿದೆ? ಬೇಡ ಅಂದ್ಬಿಡಿ. ಜೀವ ದೊಡ್ಡದೋ ಚಪ್ಪಾಳೆ ದೊಡ್ಡದೋ?"

"ಜೀವ ದಿನಾ ಇರತ್ತೆ. ಬೀಳ್ಕೊಡುಗೆ ಒಂದೇ ಸಲ."

"ದಿನಾ ಇರತ್ತೆ ಅಂತ ಯಾರ್ರೀ ಬರ್ಕೊಟ್ರು ನಿಮ್ಗೆ? ಅಷ್ಟು ಆಸೆ ಇದ್ರೆ ತಗೊಳ್ಳಿ, ನಾನೇ ತಟ್ತೀನಿ" ಎಂದವಳೇ ಸೋಪಿನ ಕೈಯಲ್ಲಿ ಎರಡು ಸಲ ತಟ್ಟಿದಳು. ಒಂದು ಗುಳ್ಳೆ ಎದ್ದು, ಅಡುಗೆಮನೆಯ ಬಿಸಿಲಲ್ಲಿ ಬಣ್ಣ ಬಣ್ಣವಾಗಿ ತೇಲಿ, ಗುಮಾಸ್ತರ ಮೂಗಿನ ಮೇಲೆ ಒಡೆಯಿತು. ಆಕೆ ಮನೆಯ ಹಳೇ ಪರದೆಯ ಬಟ್ಟೆಯಲ್ಲಿ ಹೊಲಿದಿದ್ದ ಮಾಸ್ಕನ್ನು ಅವರ ಕಿವಿಗೆ ಸಿಕ್ಕಿಸಿದಳು. "ನಾನಂತೂ ಬರಲ್ಲ. ನೀವು ಹೋಗಿ, ಎಲ್ರಿಗೂ ದೂರದಿಂದ್ಲೇ ಬೇಡ ಅಂತ ಹೇಳಿ, ಬೇಗ ಬನ್ನಿ. ಆ ಪಂಪಜ್ಜನಿಗೆ ಮಾತ್ರ ಮೊದಲು ಫೋನ್ ಮಾಡಿ."

ಪಂಪಜ್ಜ ಎಂದರೆ ಹಿಂದೆ ಅದೇ ಕಚೇರಿಯಲ್ಲಿ ಪಂಪು ನಡೆಸುತ್ತಿದ್ದ ಮುದುಕ. ವಯಸ್ಸು ಎಪ್ಪತ್ತೆಂಟು, ಎದೆಯಲ್ಲಿ ಸದಾ ಗೊರಗೊರ. ಗುಮಾಸ್ತರು ಕೆಲಸಕ್ಕೆ ಸೇರಿದ ಮೊದಲ ದಿನ ಅವರ ಕಿವಿಯನ್ನು ತಣ್ಣನೆಯ ಪೈಪಿಗೆ ಒತ್ತಿಸಿ, "ಕೇಳು, ನೀರು ಬರೋಕೆ ಮುಂಚೆ ಹಾಡತ್ತೆ" ಎಂದು ತೋರಿಸಿಕೊಟ್ಟವನು. ಇಡೀ ಸಭೆಯಲ್ಲಿ ಯಾರಾದರೂ ಒಬ್ಬರು ಮುಂದಿನ ಸಾಲಿನಲ್ಲಿ ಕೂರಬೇಕು ಎಂದು ಗುಮಾಸ್ತರು ಬಯಸಿದ್ದರೆ ಅದು ಅವನೇ. ಅವನಿಗೇ ಬರಬೇಡ ಎನ್ನಬೇಕು. ಫೋನಿನ ಗುಂಡಿ ಒತ್ತುವಾಗ ಬೆರಳು ಮೂರು ಸಲ ತಪ್ಪಿತು.

"ಅಜ್ಜಾ, ಕಾಲ ಸರಿ ಇಲ್ಲ. ನೀನು ಈವತ್ತು ಬರಬೇಡ."

"ಯಾಕೋ?"

"ನಿನ್ನ ಎದೆಗೆ ಆಗಲ್ಲ ಅಜ್ಜ. ಏನಾದ್ರೂ ಹತ್ಕೊಂಡ್ರೆ?"

"ನನ್ನ ಎದೆ ನಿನ್ನ ಕಚೇರಿ ಆಸ್ತಿ ಅಲ್ಲ. ಸಾಯೋದು ನನ್ನ ಕೆಲಸ, ಕುರ್ಚಿ ಹಾಕೋದು ನಿನ್ನ ಕೆಲಸ" ಎಂದು ಮುದುಕ ಫೋನ್ ಇಟ್ಟುಬಿಟ್ಟ. ಗುಮಾಸ್ತರು ಎಷ್ಟೋ ಹೊತ್ತು ಆ ಸದ್ದಿಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದರು.

ದಾರಿಯಲ್ಲಿ ನರಪಿಳ್ಳೆ ಇರಲಿಲ್ಲ. ಅಂಗಡಿಗಳ ಬಾಗಿಲುಗಳು ಅರ್ಧ ಕಣ್ಣು ಮುಚ್ಚಿದ್ದವು. ರಸ್ತೆಯ ನಡುವೆ ಒಂದು ನಾಯಿ ತನ್ನಪ್ಪನ ಮನೆ ಜಗಲಿಯೆಂಬಂತೆ ಮಲಗಿತ್ತು. ಊರು ಯಾರದೋ ನಿದ್ದೆಯೊಳಗೆ ಕಾಣುವ ಊರಿನ ಹಾಗಿತ್ತು. ಗುಮಾಸ್ತರಿಗೆ ತಮ್ಮ ಹೆಜ್ಜೆಯ ಸದ್ದೇ ಹಿಂದಿನಿಂದ ಯಾರೋ ಬರುತ್ತಿರುವಂತೆ ಕೇಳಿ, ಎರಡು ಸಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಾಗೆ ನಡೆಯುತ್ತ ಅವರು ಗಟ್ಟಿ ಮನಸ್ಸು ಮಾಡಿದರು: ಸಮಾರಂಭ ಬೇಡ.

ಕಚೇರಿಯಲ್ಲಿ ಆ ಮಾತು ಎತ್ತಿದ್ದೇ ತಡ, ಸ್ಟೋರ್ ಕೀಪರ್ ಹೌಹಾರಿದ. "ಎಲ್ಲಾದ್ರೂ ಉಂಟಾ ಸಾರ್! ಬ್ಯಾನರ್ ಕಟ್ಟಿ ಆಗಿದೆ. ನಿಮ್ಮ ಹೆಸರಿನ ಮುಂದೆ 'ಶ್ರೀಯುತ' ಅಂತ ಬೇರೆ ಬರೆಸಿದ್ದೀವಿ. ಬೇರೆ ಯಾರ ಕೆಲಸಕ್ಕೆ ಬರತ್ತೆ ಅದು?"

"ಮನೇಲಿ ವಯಸ್ಸಾದ ಅತ್ತೆ ಇದಾರೆ ಸಾರ್, ದೊಡ್ಡ ಗುಂಪು ಬೇಡ" ಎಂದರು ಟೈಪಿಸ್ಟಮ್ಮ. "ಹತ್ತೇ ಜನ ಸಾಕು. ಆ ಹತ್ತರಲ್ಲಿ ನಾನಿರ್ತೀನಿ."

ಇಂಜಿನಿಯರ್ ಸಾಹೇಬರು ತಮ್ಮ ಕೋಣೆಯ ಬಾಗಿಲಿಗೆ ಬಂದು ತೀರ್ಪು ಕೊಟ್ಟರು. "ನಿಯಮದಲ್ಲಿ ಹತ್ತು ಅಂತಿದೆ. ಹತ್ತು ಜನ ಮಾಡಿ. ಹನ್ನೊಂದಾದ್ರೆ ಮೇಲಿನವರಿಗೆ ಉತ್ತರ ಹೇಳಬೇಕಾದೋನು ನಾನು."

ಅಲ್ಲಿಗೆ ಎಣಿಕೆ ಶುರುವಾಯಿತು. ಸಾಹೇಬರು ಒಂದು, ಟೈಪಿಸ್ಟಮ್ಮ ಎರಡು, ಸ್ಟೋರ್ ಕೀಪರ್ ಮೂರು. ಮೀಟರ್ ಓದುವವರು ತಮ್ಮ ಪರವಾಗಿ ಮೂವರಾದರೂ ಬೇಕೆಂದರು. ಅವರಿಗೆ ಮೂರು ಕೊಟ್ಟರೆ ನಮಗೆ ಎರಡೂ ಇಲ್ಲವೇ ಎಂದು ವಾಲ್ವ್ ತಿರುಗಿಸುವವರು ಮುಖ ಊದಿಸಿಕೊಂಡರು. ಆಯಿತು, ಎಂಟು. ಫೋಟೊ ತೆಗೆಯುವವನು ಬೇಡವೆ? ಒಂಬತ್ತು. ಒಳಗೆ ಹತ್ತಕ್ಕಿಂತ ಹೆಚ್ಚಾಗದಂತೆ ಎಣಿಸುತ್ತ ಬಾಗಿಲಲ್ಲಿ ನಿಲ್ಲಲು ಒಬ್ಬ ಬೇಕೆಂದು ಸಾಹೇಬರೇ ಹೇಳಿದರು. ಎಣಿಸುವವನೂ ಮನುಷ್ಯನೇ ತಾನೆ? ಹತ್ತು.

ಸ್ಟೋರ್ ಕೀಪರ್ ಪೈಪು ಅಳೆಯುವ ಟೇಪು ಹಿಡಿದು, ಆರಾರು ಅಡಿಗೆ ಒಂದರಂತೆ ಕುರ್ಚಿ ಇಟ್ಟ. ಹಲ್ಲುದುರಿದ ಬಾಯಿಯಂತಾಯಿತು ಸಭಾಂಗಣ. ನಾಲ್ಕು ಗಂಟೆಗೆ ಎಲ್ಲರೂ ಕೂತರು. ಗುಮಾಸ್ತರು ಒಳಗೆ ಕಾಲಿಡಬೇಕು, ಎಣಿಸುವವನು ಕೈ ಅಡ್ಡ ಹಿಡಿದ.

"ಸಾರ್, ಹತ್ತು ತುಂಬಿದೆ."

"ಅಲ್ಲಪ್ಪ, ನನ್ನದೇ ಬೀಳ್ಕೊಡುಗೆ."

"ಅದು ಸರಿ ಸಾರ್. ಆದ್ರೆ ನೀವು ಹನ್ನೊಂದು."

ಎಲ್ಲರೂ ಸಾಹೇಬರ ಮುಖ ನೋಡಿದರು. ಸಾಹೇಬರು ಚಾವಣಿ ನೋಡಿದರು. ಕುರ್ಚಿ ಬಿಟ್ಟು ಏಳುವ ಲಕ್ಷಣ ಯಾರಲ್ಲೂ ಕಾಣಲಿಲ್ಲ. ಗುಮಾಸ್ತರು ಸಂಕೋಚದ ಪ್ರಾಣಿ. "ಬಿಡಿ, ನಾನು ವೆರಾಂಡದಲ್ಲಿ ಕಿಟಕಿ ಹತ್ರ ನಿಂತ್ಕೋತೀನಿ" ಎಂದರು. 'ಛೆ ಛೆ, ಎಲ್ಲಾದರೂ ಉಂಟೆ' ಎಂದು ನಾಲ್ಕು ಜನ ಎದ್ದು ಕೈಹಿಡಿದು ಕರೆಯುತ್ತಾರೆಂಬ ನಂಬಿಕೆಯಿಂದ ಆಡಿದ ಮಾತು ಅದು.

"ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ದು!" ಎಂದು ಟೈಪಿಸ್ಟಮ್ಮ ಕಣ್ಣೊರೆಸಿಕೊಂಡರು.

ಹೀಗೆ ಗುಮಾಸ್ತರು ತಮ್ಮ ಬೀಳ್ಕೊಡುಗೆಗೆ ಹೊರಗಿನವರಾದರು. ಆದರೆ ಹೊರಗೆ ಅವರೊಬ್ಬರೇ ಇರಲಿಲ್ಲ. ಪಟ್ಟಿಯಲ್ಲಿ ಜಾಗ ಸಿಗದ ನಲವತ್ತು ಜನ ನೌಕರರು ಅಂಗಳದಲ್ಲಿ ಸೇರಿ, ಒಳಗೆ ನಡೆಯುವುದನ್ನು ನೋಡಲು ಕಿಟಕಿಗೆ ಮುತ್ತಿದ್ದರು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಗಲ್ಲ, ಬೆಲ್ಲಕ್ಕೆ ಇರುವೆ ಮುತ್ತಿದಂತೆ. ಸಭಾಂಗಣದಲ್ಲೇ ಕೂರಿಸಿದ್ದರೆ ಇದಕ್ಕಿಂತ ದೂರ ಇರುತ್ತಿದ್ದರು.

"ಸ್ವಲ್ಪ ದೂರ ನಿಂತ್ಕೊಳ್ರಪ್ಪಾ" ಎಂದು ಗುಮಾಸ್ತರು ಬೇಡಿಕೊಂಡರು. ಎಲ್ಲರೂ ವಿನಯದಿಂದ ಒಂದು ಹೆಜ್ಜೆ ಹಿಂದೆ ಸರಿದು, ಎರಡು ಹೆಜ್ಜೆ ಮುಂದೆ ಬಂದರು. ಯಾರೋ ಕೆಮ್ಮಿದರು.

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇವರಲ್ಲಿ ಒಬ್ಬನಿಗೆ ಹತ್ತಿದರೆ ಸಾಕು, ವಾರದೊಳಗೆ ಎಲ್ಲರಿಗೂ. ಆಮೇಲೆ ಊರಿಗೆ ನೀರು ಬಿಡುವವರು ಯಾರು? ಕೈ ತೊಳೆಯಿರಿ, ಕೈ ತೊಳೆಯಿರಿ ಎಂದು ಪತ್ರಿಕೆ ದಿನಾ ಬೊಬ್ಬೆ ಹಾಕುತ್ತಿದೆ, ಯಾವ ನೀರಲ್ಲಿ ತೊಳೆಯಬೇಕು? ಸಂಕೋಚದ ಪ್ರಾಣಿ ಹುಟ್ಟಿದ ಮೇಲೆ ಮೊದಲ ಸಲ ಗದರಿತು.

"ಲೋ! ಅಂಗಳದ ತುಂಬಾ ಹೊಸ ಪೈಪು ಬಿದ್ದಿದ್ದಾವಲ್ಲ? ಒಂದು ಪೈಪಿಗೆ ಇಬ್ರು. ಈ ತುದಿಗೊಬ್ಬ, ಆ ತುದಿಗೊಬ್ಬ. ತುದಿ ಬಿಟ್ಟು ಕದಲಿದೋನಿಗೆ ಗೈರುಹಾಜರಿ, ಹಾಜರಿ ಪುಸ್ತಕ ಈಗ್ಲೂ ನನ್ನ ಮೇಜಿನ ಮೇಲೇ ಇದೆ!"

ಎರಡೇ ನಿಮಿಷ. ನಲವತ್ತು ಜನ ಅಂಗಳದ ಉದ್ದಗಲಕ್ಕೂ, ಎತ್ತರದ ನೀರಿನ ಟ್ಯಾಂಕಿನ ನೆರಳಲ್ಲಿ, ಪೈಪಿನ ತುದಿಗೊಬ್ಬರಂತೆ ನಿಂತರು. ಒಳಗಿನಿಂದ ಸಾಹೇಬರು ಅದನ್ನು ಕಣ್ಣರಳಿಸಿ ನೋಡಿದರು.

"ಎರಡು ಮಾತಾಡಿ ಗುಮಾಸ್ತರೇ" ಎಂದರು.

ಗುಮಾಸ್ತರು ಒಂದು ತಿಂಗಳಿಂದ ಬರೆದು ತಿದ್ದಿದ್ದ ಭಾಷಣವನ್ನು ಜೇಬಿನಿಂದ ತೆಗೆದರು. ಬಾಯಿ ತೆರೆದದ್ದೇ, ಪರದೆ ಬಟ್ಟೆಯ ಮಾಸ್ಕಿನಿಂದ ಬಿಸಿಯುಸಿರು ಮೇಲೆದ್ದು ಕನ್ನಡಕದ ಮೇಲೆ ಮಂಜು ಕವಿಯಿತು. ಅಕ್ಷರ ಕರಗಿದವು. ಕಿಟಕಿಯೊಳಗಿನ ಮುಖಗಳು ಕರಗಿದವು. ಅಂಗಳ, ಪೈಪು, ಟ್ಯಾಂಕು ಎಲ್ಲ ಹಾಲಿನ ಬಣ್ಣದ ಬೆಳಕಾದವು. ಇದು ಅದೇ ಕನಸು ಎನ್ನಿಸಿತು ಅವರಿಗೆ. ಕನಸಿನಲ್ಲಿ ಯಾರ ಭಯ? ಕಾಗದ ಮಡಚಿ ಜೇಬಿಗೆ ಹಾಕಿ, ಮಂಜಿನ ಜೊತೆ ಮಾತಾಡಲು ಶುರುಮಾಡಿದರು.

"ನಾಳೆಯಿಂದ ನಾನು ಬರಲ್ಲ. ಅದಕ್ಕೇ ಮನಸ್ಸಿನಲ್ಲಿರೋದನ್ನ ಹೇಳ್ಬಿಡ್ತೀನಿ. ನಿಮ್ಮನ್ನೆಲ್ಲ ತುಂಬಾ ಹಚ್ಕೊಂಡಿದ್ದೆ. ನಮ್ಮ ಸ್ಟೋರ್ ಕೀಪರ್ರು ದಿನಾ ಮಧ್ಯಾಹ್ನ ಎರಡರಿಂದ ಮೂರರವರೆಗೆ ದೊಡ್ಡ ಪೈಪಿನೊಳಗೆ ಮಲಗ್ತಾರೆ. 'ದಾಸ್ತಾನು ತಪಾಸಣೆಯಲ್ಲಿದ್ದಾರೆ' ಅಂತ ಇಪ್ಪತ್ತು ವರ್ಷದಿಂದ ನಾನೇ ಬರ್ಕೊಂಡು ಬಂದಿದ್ದೀನಿ. ಆ ಗೊರಕೆ ಪೈಪಿನಲ್ಲಿ ಎಷ್ಟು ಇಂಪಾಗಿ ಕೇಳ್ಸತ್ತೆ ಅಂತೀರಿ! ಇನ್ನು ಅದು ಕೇಳಲ್ಲವಲ್ಲ ಅನ್ನೋದೇ ದುಃಖ."

ಸ್ಟೋರ್ ಕೀಪರ್ ಕೈಯಲ್ಲಿದ್ದ ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು.

"ಟೈಪಿಸ್ಟಮ್ಮನವರ ಅತ್ತೆ ಇವತ್ತಿಗೂ ಗಟ್ಟಿಯಾಗಿದ್ದಾರೆ, ನೂರು ಕಾಲ ಬಾಳಲಿ. ನನ್ನ ರಜೆ ಫೈಲಿನಲ್ಲಿ ಮೂರು ಸಲ ತೀರ್ಕೊಂಡಿದ್ದಾರೆ. ಮೂರು ಸಲವೂ ನಾನು ಸಂತಾಪ ಸೂಚಿಸಿ ಸಹಿ ಹಾಕಿದ್ದೀನಿ. ತಪ್ಪು ಅಂತಲ್ಲ. ಮನುಷ್ಯರಿಗೆ ರಜೆ ಬೇಕು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರು ಎನ್ನುತ್ತಾರಲ್ಲ, ಅಂಗಳದಲ್ಲಿ ನಲವತ್ತು ಜನರ ಕೈಯೂ ಒಟ್ಟಿಗೆ ಹೆಗಲಿಗೆ ಹೋಯಿತು. ಗುಮಾಸ್ತರಿಗೆ ಅದು ಕಾಣಲಿಲ್ಲ. ಬೆಳಕು ಅಷ್ಟು ಹಿತವಾಗಿತ್ತು.

"ಇನ್ನು ನಮ್ಮ ಸಾಹೇಬರು, ದೇವರಂಥವರು. ಪ್ರತಿ ತಿಂಗಳೂ ಈ ಟ್ಯಾಂಕ್ ಹತ್ತಿ ನೋಡಬೇಕು ಅಂತ ನಿಯಮ. ಅವ್ರಿಗೆ ಎತ್ತರ ಅಂದ್ರೆ ತಲೆಸುತ್ತು. ಹನ್ನೆರಡು ವರ್ಷದ ತಪಾಸಣೆ ವರದಿ ಎಲ್ಲಾ ಕೆಳಗೆ ಕೂತು ಬರೆದಿದ್ದು ನಾನು. ಒಂದು ಸಲ ಮೇಲಿಂದ ಕಾಣೋ ಸೂರ್ಯಾಸ್ತವನ್ನೂ ಬರೆದಿದ್ದೆ. ಸಾಹೇಬರು ಓದಿ, 'ಚೆನ್ನಾಗಿದೆ' ಅಂದ್ರು. ಅದೊಂದು ಮಾತು ನಾನು ಸಾಯೋವರೆಗೂ ಮರೆಯಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗ ದೂರದಲ್ಲಿ, ಗೇಟಿನಾಚೆಯ ಮರದ ಕೆಳಗಿನಿಂದ, ಪಟಪಟ ಎಂದು ಒಂದು ಜೊತೆ ಒಣಕೈಗಳ ಚಪ್ಪಾಳೆ ಕೇಳಿಸಿತು. ಗುಮಾಸ್ತರು ಕನ್ನಡಕ ತೆಗೆದು ನೋಡಿದರು. ಪಂಪಜ್ಜ! ಮುಖಕ್ಕೆ ಕರವಸ್ತ್ರ ಸುತ್ತಿಕೊಂಡು, ಎಲ್ಲರಿಂದಲೂ ನೂರು ಅಡಿ ದೂರದಲ್ಲಿ, ಮನೆಯಿಂದ ತಾನೇ ಹೊತ್ತು ತಂದ ಕುರ್ಚಿಯ ಮೇಲೆ ಕೂತಿದ್ದ.

ಗುಮಾಸ್ತರ ಕಣ್ಣು ತುಂಬಿತು. ಅಷ್ಟಕ್ಕೇ ಸಮಾರಂಭ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಸಾಹೇಬರು ಎದ್ದು ಗಂಟಲು ಸರಿಪಡಿಸಿಕೊಂಡರು. ಜೇಬಿನಿಂದ ಒಂದು ಕಾಗದ ತೆಗೆದರು. ಸನ್ಮಾನ ಪತ್ರವಿರಬೇಕೆಂದು ಗುಮಾಸ್ತರು ತಲೆ ತಗ್ಗಿಸಿ, ಕೈ ಕಟ್ಟಿ ನಿಂತರು.

"ಇದು ಬೆಳಿಗ್ಗೆಯೇ ಬಂದಿದ್ದ ಆದೇಶ" ಎಂದರು ಸಾಹೇಬರು. "ಕಾಯಿಲೆ ಮುಗಿಯೋವರೆಗೆ ನೀರಿನ ಕಚೇರಿಯಲ್ಲಿ ನಿವೃತ್ತಿ ಆಗೋರನ್ನ, ಬೇಕು ಅನ್ಸಿದ್ರೆ ಉಳಿಸ್ಕೊಳ್ಳಬಹುದಂತೆ. ಹೆಸರು ಬರೆಯೋ ಜಾಗ ಖಾಲಿ ಬಿಟ್ಟಿದ್ದಾರೆ. ಮೂವತ್ತನಾಲ್ಕು ವರ್ಷ ದುಡಿದು ಸುಸ್ತಾಗಿದ್ದಾರೆ, ಹೋಗ್ಲಿ ಪಾಪ ಅಂತ ನಾನು ಜೇಬಲ್ಲೇ ಇಟ್ಕೊಂಡಿದ್ದೆ." ಅವರು ಪೆನ್ನಿನ ಮುಚ್ಚಳ ತೆಗೆದು, ಕಿಟಕಿಯ ಕಟ್ಟೆಯ ಮೇಲೆ ಕಾಗದ ಇಟ್ಟು, ನಿಧಾನವಾಗಿ, ದುಂಡಗೆ ಗುಮಾಸ್ತರ ಹೆಸರು ಬರೆದರು. "ಆದ್ರೆ ನಿಮ್ಮ ಭಾಷಣ ಕೇಳಿದ ಮೇಲೆ ಕಳಿಸೋಕೆ ಮನಸ್ಸೇ ಬರ್ತಿಲ್ಲ."

"ಸಾರ್..."

"ಆರು ತಿಂಗಳು. ಬೇಕಾದ್ರೆ ಇನ್ನೂ ಆರು." ಒಳಗಿನ ಎಂಟು ಕುರ್ಚಿಯವರೂ, ಬಾಗಿಲಲ್ಲಿ ನಿಂತಿದ್ದವನೂ ಗುಮಾಸ್ತರತ್ತ ತಿರುಗಿದರು. ಮಾಸ್ಕಿನ ಮೇಲೆ ಬರೀ ಕಣ್ಣು. ಟೈಪಿಸ್ಟಮ್ಮನ ಕಣ್ಣಲ್ಲಿ ಈಗ ನೀರಿರಲಿಲ್ಲ. "ನಾಳೆ ಬೆಳಿಗ್ಗೆ ಎಂಟಕ್ಕೇ ಬನ್ನಿ ಗುಮಾಸ್ತರೇ. ಟ್ಯಾಂಕ್ ತಪಾಸಣೆ ಇದೆ. ಈ ಸಲ ವರದಿ ಬರೆಯೋನು ನಾನು, ಹತ್ತೋರು ನೀವು."

ಗುಮಾಸ್ತರು ಮೆಲ್ಲಗೆ ತಲೆ ಎತ್ತಿದರು. ಟ್ಯಾಂಕಿನ ಕಬ್ಬಿಣದ ಏಣಿ ಬಳುಕುತ್ತ ಮೇಲೆ ಮೇಲೆ ಹೋಗಿ, ಸಂಜೆಯ ಒಂದು ತುಂಡು ಮೋಡದಲ್ಲಿ ಮರೆಯಾಗಿತ್ತು. ಅವರು ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗೇಟಿನಾಚೆಯಿಂದ ಪಂಪಜ್ಜ ಕೈಯೆತ್ತಿ ಕೂಗಿದ: "ಹೆದರಬೇಡವೋ! ಈ ಊರಲ್ಲಿ ಇವತ್ತು ಅದಕ್ಕಿಂತ ಕ್ಷೇಮವಾದ ಜಾಗ ಇಲ್ಲ. ಅಲ್ಲಿ ಯಾವನೂ ನಿನ್ನ ಹತ್ರ ಬರಲ್ಲ!"