ರೌಂಡ್ ಸೀಲಿಲ್ಲದ ಅಮೆರಿಕ

ಫೈಲು ಕಳೆದುಹೋಗಬಹುದಿತ್ತು. ಲಾಯರು ಕೈಕೊಡಬಹುದಿತ್ತು. ಕೆಲಸ ಕೊಡುತ್ತೇವೆಂದ ಆಸ್ಪತ್ರೆಯೇ ಬಾಗಿಲು ಹಾಕಬಹುದಿತ್ತು. ಪಾಸ್‌ಪೋರ್ಟಿನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇರುವ ಅಪ್ಪನ ಹೆಸರು ನೋಡಿ ಅಲ್ಲಿನವರು ಹುಬ್ಬು ಗಂಟಿಕ್ಕಬಹುದಿತ್ತು. ಮಂಡ್ಯದಲ್ಲಿ ಕೂತು, ಯಾರೂ ಕೇಳದೆಯೇ, ಮನೆ ಹುಡುಗಿಯ ಅಮೆರಿಕದ ಅರ್ಜಿಗಾಗಿ ನಾನು ಪಟ್ಟ ಚಿಂತೆಗಳಿವು. ಆದರೆ ಮಳವಳ್ಳಿಯ ನಮ್ಮ ಭಾವನ ಮುಂದೆ ನಾನು ಏನೇನೂ ಅಲ್ಲ! ನಾನು ಬರೀ ಹೆದರುತ್ತೇನೆ, ಅವರು ಅನುಮಾನಿಸುತ್ತಾರೆ. ಎಳನೀರು ಕುಡಿಯುವಾಗಲೂ ಕಾಯಿಯನ್ನು ಬಿಟ್ಟು, ಕೊಚ್ಚುವವನ ಮುಖವನ್ನೇ ನೋಡುವವರು.

ಅವರ ಮಗಳು ಅಮೆರಿಕದಲ್ಲಿ ಡಾಕ್ಟರಿಕೆಯ ತರಬೇತಿ ಮುಗಿಸಿದಳು. ಮುಗಿದ ಮೇಲೆ ಊರಿಗೆ ಮರಳಿ ಎರಡು ವರ್ಷ ಇರಬೇಕೆಂಬುದು ಆ ವೀಸಾದ ಕರಾರು. ಅಮೆರಿಕದಲ್ಲೇ ಡಾಕ್ಟರು ಸಿಗದ ಹಳ್ಳಿಯಲ್ಲಿ ಮೂರು ವರ್ಷ ದುಡಿಯುತ್ತೇನೆಂದು ಬರೆದುಕೊಟ್ಟರೆ ಆ ಎರಡು ವರ್ಷ ಮಾಫಿಯಾಗಬಹುದು. ಅವಳು ಅರ್ಜಿ ಹಾಕಿದಳು.

"ಅಮೆರಿಕದಾಗೆ ಡಾಕ್ಟ್ರಿಲ್ದ ಅಳ್ಳಿನಾ? ಯಾರ್ ಕಿವಿಗ್ಲಾ ಊವ ಇಕ್ತೀಯ?" ಎಂದು ಭಾವ ನನ್ನ ಮೇಲೆ ಹರಿಹಾಯ್ದರು, ಆ ಹಳ್ಳಿಯನ್ನು ನಾನೇ ಕಟ್ಟಿಸಿದಂತೆ! ಫೋನಿನಲ್ಲಿ ಚಿತ್ರ ತೋರಿಸಿದೆ. "ರೋಡ್ ನೋಡ್ಲಾ, ಕನ್ನಡಿ ಇದ್ದಂಗದೆ. ಇಂಥಾ ಊರ್ಗೆ ಡಾಕ್ಟ್ರು ಬರಾಕಿಲ್ವಾ?"

ಅನುಮಾನಕ್ಕೆ ಕಾರಣವಿತ್ತು ಅನ್ನಿ. ಭಾವ ಹಳ್ಳಿ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದವರು. ಇಲ್ಲೇ ಇರುತ್ತೇನೆಂದು ಬಾಂಡ್ ಬರೆದುಕೊಟ್ಟ ಡಾಕ್ಟರು, ಸೋಮವಾರವೇ ಇಡೀ ವಾರದ ಹಾಜರಿಗೆ ಸಹಿ ಜಡಿದು ಮೈಸೂರು ಬಸ್ಸು ಹತ್ತುವುದನ್ನು ಕಣ್ಣಾರೆ ಕಂಡವರು.

ಕೊನೆಗೂ ಮಂಜೂರಾತಿ ಇ-ಮೇಲಿನಲ್ಲಿ ಬಂತು. ಪ್ರಿಂಟ್ ತೆಗೆಸಿ ಮಳವಳ್ಳಿಗೆ ಓಡಿದೆ. ಭಾವ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ರೌಂಡ್ ಸೀಲು ಎಲ್ಲದೆ?"

"ಭಾವ, ಅಲ್ಲಿ ಹೀಗೇ ಕಳಿಸೋದು."

"ಸೀಲಿಲ್ದೆ ಇಲ್ಲಿ ಜಾತಿ ಸರ್ಟಿಫಿಕೇಟೂ ನಡೆಯಾಕಿಲ್ಲ. ನಡಿ ಮದ್ದೂರ್ಗೆ!"

ಮದ್ದೂರಿನಲ್ಲಿ ಅವರಿಗೆ ಗುರುತಿನ ಒಬ್ಬ ಗೆಜೆಟೆಡ್ ಆಫೀಸರಿದ್ದರು. ಪುಣ್ಯಾತ್ಮರು ಒಂದು ಸಲ ನನ್ನ ಮುಖ ನೋಡಿ, ನಿಟ್ಟುಸಿರು ಬಿಟ್ಟು, ಹಸಿರು ಇಂಕಿನಲ್ಲಿ ಸಹಿ ಹಾಕಿ ಸೀಲು ಒತ್ತಿದರು. ಓದಿದೆ: ಪಶುವೈದ್ಯಾಧಿಕಾರಿ! ಅಮೆರಿಕ ಸರ್ಕಾರದ ಆದೇಶ ಹೀಗೆ ನಮ್ಮ ದನದ ಡಾಕ್ಟರ ಕೈಯಲ್ಲಿ ಊರ್ಜಿತವಾಯಿತು.

ಅವಳು ಕೆಲಸಕ್ಕೆ ಸೇರಿದ ದಿನ, ಅಲ್ಲಿ ಬೆಳಿಗ್ಗೆ ಎಂಟಾಗುತ್ತಲೇ ಭಾವ ವಿಡಿಯೊ ಕಾಲ್ ಮಾಡಿದರು. ನಾನೂ ಪಕ್ಕದಲ್ಲಿದ್ದೆ. "ಕುರ್ಚಿ ತೋರ್ಸವ್ವ. ಬಾಗ್ಲು ತೋರ್ಸು." ಬಾಗಿಲಲ್ಲಿ ಟೋಪಿ ಹಿಡಿದ ಮುದುಕರೊಬ್ಬರು ನಿಂತಿದ್ದರು. ಏನೋ ಕೇಳಿದರು. ಮಗಳು ನಕ್ಕಳು. "ಅಪ್ಪ, ಹಿಂದಿನ ಡಾಕ್ಟರು ಆರೇ ತಿಂಗಳಿಗೆ ಹೊರಟುಹೋದ್ರಂತೆ. ನೀನೂ ಹೋಗ್ತೀಯಾ ಅಂತಿದಾರೆ."

ಭಾವ ನೆಟ್ಟಗೆ ಕೂತರು. ಫೋನನ್ನು ಬಾಯಿಯ ಹತ್ತಿರ ತಂದು, ಆ ಮುದುಕರಿಗೇ ಹೇಳಿದರು: "ಎಲ್ಲೂ ಓಗಾಕಿಲ್ಲ ಕಣಣ್ಣ. ಮೂರ್ ವರ್ಸ ಅಂತ ಬರ್ಕೊಟ್ಟವ್ಳೆ, ಮೂರ್ ವರ್ಸ ಇರ್ತಾಳೆ. ನಾನವ್ನಿ ಜಾಮೀನು."

ಜನ್ಮದಲ್ಲಿ ಯಾರ ಪರವಾಗಿಯೂ ಹೀಗೆ ಮಾತು ಕೊಟ್ಟವರಲ್ಲ!

ನಾನು ಹೆದರಿದ್ದು ಒಂದೂ ಆಗಲಿಲ್ಲ. ಆದದ್ದು ಒಂದು ಸಣ್ಣ ಎಡವಟ್ಟು. ಕಾಲ್ ಕಟ್ಟಾಯಿತೆಂದುಕೊಂಡು ಭಾವ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಮಗಳು ಇನ್ನೂ ಕೇಳಿಸಿಕೊಳ್ಳುತ್ತಿರಬಹುದೆಂಬ ಅನುಮಾನವೇ ಇಲ್ಲದೆ, ನನ್ನತ್ತ ತಿರುಗಿ ಮೆಲ್ಲಗೆ ಅಂದರು:

"ಮಾಫಿ ಸಿಗ್ದೆ ಓಗಿದ್ರೆ ಎಲ್ಡು ವರ್ಸ ಮನೇಲಿರೋಳು ಕಣ್ಲಾ."