ಮೇಜಿನ ಸಮೇತ ನನ್ನನ್ನು ಹೊತ್ತೊಯ್ದ ಬಗ್ಗೆ

ಮ್ಯಾರಥಾನ್ ಸ್ವಯಂಸೇವಕ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕೊರಳಿನ ಸೀಟಿಗೂ ಕೈಯಲ್ಲಿನ ಧ್ವನಿವರ್ಧಕಕ್ಕೂ ಬೇರೆಬೇರೆಯಾಗಿ ನಮಸ್ಕರಿಸಿ, ಹೊಲಿಗೆ ಅಂಗಡಿ ನಡೆಸುವ ನಾನು ಬಿನ್ನವಿಸಿಕೊಳ್ಳುವುದೇನೆಂದರೆ, ತಾವು ನನ್ನನ್ನು ಪೂರ್ತಿ ಹಾಳುಮಾಡಿದ್ದೀರಿ.

ಅರ್ಜಿಯಲ್ಲಿ ‘ಸಮಾಜಸೇವೆ’ ಎಂದು ಬರೆದವಳು ನನ್ನ ನಾದಿನಿ. ನಾನು ಬಂದದ್ದು, ಭಾನುವಾರ ಮನೆಯಲ್ಲಿದ್ದರೆ ಗಂಡ ಅಟ್ಟ ಗುಡಿಸಲು ಕರೆಯುತ್ತಾರೆಂಬ ಭಯಕ್ಕೆ. ತಾವು ಕೃಪೆಯಿಟ್ಟು ಮೂವತ್ತನೇ ಕಿಲೋಮೀಟರಿನ ನೀರಿನ ಮೇಜಿಗೆ ನಿಲ್ಲಿಸಿದಿರಿ. ಓಡಿಬಂದವರು ಅರ್ಧ ನೀರು ಕುಡಿದು, ಉಳಿದರ್ಧ ನನ್ನ ಮೇಲೆ ಚೆಲ್ಲಿ, “ಥ್ಯಾಂಕ್ಸ್ ಅಕ್ಕಾ” ಎನ್ನುತ್ತ ಹೋದರು. ಇಪ್ಪತ್ತೆರಡು ವರ್ಷ ಊರವರ ಸೊಂಟ ಅಳೆದು ‘ಬಿಗಿಯಾಯ್ತು’, ‘ಸಡಿಲಾಯ್ತು’ ಎಂಬೆರಡೇ ಮಾತು ಕೇಳಿದವಳಿಗೆ ತಲೆ ತಿರುಗದೆ ಇದ್ದೀತೇ?

ಮಧ್ಯಾಹ್ನ ಒಂದು ಗಂಟೆಗೆ ಮೇಜು ಎತ್ತಲು ಇಬ್ಬರನ್ನು ಕರೆತಂದಿರಿ. ಓಟಗಾರರ ಪಟ್ಟಿಯಲ್ಲಿ ಇನ್ನೂ ಒಬ್ಬರು ಬಾಕಿ ಇದ್ದಾರೆಂದು ನಾನು ಮೇಜಿನ ಮೇಲೆ ಕುಳಿತೆ. ಎರಡಡಿ ದೂರದಿಂದ ಧ್ವನಿವರ್ಧಕದಲ್ಲಿ “ಮೇಡಂ, ಟೈಮ್ ಆಯ್ತು, ಇಳೀರಿ!” ಎಂದಿರಿ. ನಾನು ಇಳಿಯಲಿಲ್ಲ. ನಿಯಮಪಾಲನೆಯಲ್ಲಿ ಸಾಟಿಯಿಲ್ಲದ ತಾವು ನನ್ನನ್ನು ಮೇಜಿನ ಸಮೇತ ಲಾರಿಯತ್ತ ಹೊರಿಸಿದಿರಿ. ಮದುವೆಯ ದಿನವೂ ನನ್ನನ್ನು ಯಾರೂ ಹೀಗೆ ಹೊತ್ತಿರಲಿಲ್ಲ.

ಆಗಲೇ ತಿರುವಿನಲ್ಲಿ ಅರವತ್ತು ದಾಟಿದ ಒಬ್ಬರು ಕಂಡರು, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಅದುವರೆಗೆ ಕುಂಟುತ್ತಿದ್ದವರು, ನೀರೇ ನಡೆದುಹೋಗುವುದನ್ನು ಕಂಡು ಓಡತೊಡಗಿದರು! “ಅಮ್ಮಾ, ನಿಲ್ಸೀಮ್ಮಾ, ಒಂದ್ ಗುಟುಕು!” ಕುಳಿತಲ್ಲಿಂದಲೇ ಬಾಗಿ ಲೋಟ ಕೊಟ್ಟೆ. ಕುಡಿದು, “ಎಲ್ಲ ಹೊರಟೋದ್ರು ಅಂದ್ಕೊಂಡಿದ್ದೆ” ಎಂದರು, ಅಷ್ಟೇ. ನಾನು ಅತ್ತೆ, ಹೊತ್ತವರು ಅತ್ತರು, ತಾವೂ ಅತ್ತಿರಿ. ಧ್ವನಿವರ್ಧಕ ಆರಿಸಲು ಮರೆತಿದ್ದರಿಂದ ಇಡೀ ಬೀದಿ ಕೇಳಿಸಿಕೊಂಡಿತು.

ಪರಿಣಾಮ ನೋಡಿ: ಈಗ ಮನೆಯಲ್ಲಿ ಯಾರು ಎದುರಾದರೂ “ಇನ್ನು ಸ್ವಲ್ಪವೇ, ಬನ್ನಿ ಬನ್ನಿ!” ಎಂದು ಚಪ್ಪಾಳೆ ತಟ್ಟುತ್ತೇನೆ, ಬಚ್ಚಲಿನಿಂದ ಹೊರಬಂದ ಗಂಡ ಬೆಚ್ಚಿ ಮತ್ತೆ ಒಳಹೋದರು. ಆದ್ದರಿಂದ ಪ್ರತಿ ಭಾನುವಾರ ಮ್ಯಾರಥಾನ್ ನಡೆಸಬೇಕು, ವಾರದ ದಿನಗಳಲ್ಲಿ ಕನಿಷ್ಠ ಬಾಯಾರಿದ ಒಬ್ಬರನ್ನಾದರೂ ನನ್ನ ಅಂಗಡಿಯ ಮುಂದೆ ಓಡಿಸಬೇಕು ಎಂದು ಕೋರುತ್ತೇನೆ.

ತಮ್ಮಿಂದಲೇ ಕೆಟ್ಟ,
ತಮ್ಮ ವಿಶ್ವಾಸಿ,
ಮೇಜಿನಿಂದಿಳಿಯದ ದರ್ಜಿ

ವಿ.ಸೂ.: ತಾವು ಕೊಟ್ಟ ಟೀ ಶರ್ಟ್ ಮೊಣಕಾಲು ಮುಟ್ಟುತ್ತಿತ್ತು. ಬಿಚ್ಚಿ ಕತ್ತರಿಸಿದರೆ ನನಗೊಂದು, ನಾದಿನಿಗೊಂದು, ನಮ್ಮ ಅತ್ತೆಯವರಿಗೂ ಒಂದಾಯಿತು. ಬರುವ ವರ್ಷ ಮೂವರೂ ಬರುತ್ತೇವೆ. ಹೊರಲು ಆರು ಜನರನ್ನಿಟ್ಟುಕೊಳ್ಳಿ. ಅತ್ತೆಯವರು ಒಮ್ಮೆ ಕುಳಿತರೆ ಸೀಟಿಗೆಲ್ಲ ಏಳುವವರಲ್ಲ.