ಕೆಟ್ಟದಾಗಿ ಬಣ್ಣ ಹೊಡೆಯುವ ವಿದ್ಯೆ

ಕ್ಯಾಸಿಮಿರ್ ಡೊಂಬ್ರೊವ್‌ಸ್ಕಿ ತಪ್ಪು ಕಂಡರೆ ಬಿಡುವ ಆಸಾಮಿಯಲ್ಲ. ಹೆಂಡತಿ ಲೊರೇನ್ ಮದುವೆಯಾದ ವಾರದಲ್ಲೇ ಇದನ್ನು ತೀರ್ಮಾನಿಸಿದ್ದಳು. ಆಮೇಲಿನ ನಲವತ್ತನಾಲ್ಕು ವರ್ಷಗಳಲ್ಲಿ ಆ ತೀರ್ಪನ್ನು ಮರುಪರಿಶೀಲಿಸುವ ಪ್ರಮೇಯವೇ ಬರಲಿಲ್ಲ. ಅವಳು ಮಡಿಸಿಟ್ಟ ಟವೆಲನ್ನು ಬಿಚ್ಚಿ, ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸುವವನು ಅವನು. ಡೆಟ್ರಾಯಿಟಿನಲ್ಲಿ ಕಾರಿನ ಭಾಗಗಳ ಅಚ್ಚು ತಯಾರಿಸುತ್ತ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸ್ಸು ಕಳಿಸುತ್ತ ನಿವೃತ್ತನಾದವನು.

ನಿವೃತ್ತನಾದವನು ಸುಮ್ಮನಿರಬೇಕಲ್ಲ? ಎಪ್ಪತ್ತನೆಯ ಇಸವಿಯ, ಬೀದಿಯೆಲ್ಲ ನಡುಗುವಂತೆ ಗುಡುಗುವ ಕಾರೊಂದನ್ನು ತಂದು ಗ್ಯಾರೇಜಿನಲ್ಲಿ ಪ್ರತಿಷ್ಠಾಪಿಸಿದ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಅದನ್ನು ಮಾಡಿ, ಹಳೆಯ ಕಾರುಗಳ ಕ್ಲಬ್ಬಿನ ತೀರ್ಪುಗಾರರಿಂದ ಚಿನ್ನದ ಪ್ರಮಾಣಪತ್ರ ಪಡೆಯುವುದು ಜೀವಿತೋದ್ದೇಶ. ಪಡೆದ ಮರುದಿನ ಕಾರು ತಮ್ಮನ ಹಳ್ಳಿಮನೆಗೆ, ಗ್ಯಾರೇಜು ಲೊರೇನಳಿಗೆ. ಇದು ಗಂಡಹೆಂಡಿರ ಒಪ್ಪಂದ. ಅಲ್ಲಿಯವರೆಗೆ ಅವಳ ಕಾರು ಬೀದಿಯಲ್ಲಿ. ಚಳಿಗಾಲ ಪೂರ್ತಿ ಬೆಳಗಾದರೆ ಅದರ ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವುದೇ ಅವಳ ನಿತ್ಯಕರ್ಮ. ಹೀಗೆ ಹನ್ನೆರಡು ಚಳಿಗಾಲ ಕಳೆದಿದ್ದವು. (ಕೆರೆದು ಕೆರೆದು ಬಲಗೈ ದಪ್ಪವಾಗಿದೆ ಎಂದು ಅವಳ ದೂರು. ಅವನು ಎರಡೂ ತೋಳನ್ನು ಅಳೆದು, ಇಲ್ಲ ಎಂದಿದ್ದ.)

ಈ ಹನ್ನೆರಡು ವರ್ಷ ಅವನು ಮಾಡಿದ್ದೇನು? ಅವನೂ ಕೆರೆದ. ಹಳೆಯ ಮಾಲೀಕರು ಬಳಿದಿದ್ದ ಕೆಂಪು, ನೀಲಿ, ಯಾರೋ ಪುಣ್ಯಾತ್ಮನ ನೇರಳೆ ಎಲ್ಲವನ್ನೂ ಪದರ ಪದರವಾಗಿ ಉಜ್ಜಿ, ತಳದಲ್ಲಿದ್ದ ಅಸಲಿ ಕಿತ್ತಳೆಯನ್ನು ಕಂಡುಹಿಡಿದ. ಕೊನೆಗೆ ಮುಂಭಾಗದ ಜಾಲರಿಯ ಹಿಂದಿನ ರಬ್ಬರ್ ಪಟ್ಟಿಯನ್ನು ಕಿತ್ತವನೇ ಕೂಗಿಕೊಂಡ.

"ಲೊರೇನ್! ಓಡಿ ಬಾ!"

ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಏನು, ಬೆಂಕಿ ಬಿತ್ತಾ?"

"ಈ ತಗಡು ನೋಡು! ಕಿತ್ತಳೆ ಮೇಲೆ ಕಪ್ಪು. ಕಾರ್ಖಾನೆಯವನು ನಾಲ್ಕು ಸಲ ಬೀಸಿ ಹೋಗಿದಾನೆ. ಎಡಗಡೆ ದಟ್ಟ, ಬಲಗಡೆ ಮಬ್ಬು, ಇಲ್ಲಿ ಸೋರಿದೆ ಬೇರೆ!"

"ಅಂದ್ರೆ ಕೆಟ್ಟದಾಗಿ ಹೊಡೆದಿದಾನೆ."

"ತೀರಾ ಕೆಟ್ಟದಾಗಿ!" ಅವನ ಕಣ್ಣಲ್ಲಿ ನೀರಾಡಿತು.

ತಗಡು ತುಕ್ಕು ಹಿಡಿದಿತ್ತು. ಹೊಸ ತಗಡಿಗೆ ಅಷ್ಟೇ ಕೆಟ್ಟದಾಗಿ ಬಣ್ಣ ಹೊಡೆಯಬೇಕು. ಅಲ್ಲಿಂದ ಶುರುವಾಯಿತು ಗೋಳು. ಕ್ಯಾಸಿಮಿರನಿಗೆ ಕೆಟ್ಟದಾಗಿ ಹೊಡೆಯಲು ಬರುತ್ತಿರಲಿಲ್ಲ. ಬಲಗೈಯಲ್ಲಿ ಹೊಡೆದ, ಎಡಗೈಯಲ್ಲಿ ಹೊಡೆದ, ಎರಡು ಬಿಯರ್ ಕುಡಿದು ಕಣ್ಣುಮುಚ್ಚಿ ಹೊಡೆದ. ಎಲ್ಲವೂ ಕನ್ನಡಿಯಂತೆ ಬಂತು. ಬೇಸಿಗೆಯೆಲ್ಲ ಹೊಡೆದ, ಅಳಿಸಿದ. ಆಗಸ್ಟ್ ಕಳೆಯುವಷ್ಟರಲ್ಲಿ ಬಕೆಟ್ಟನ್ನು ಬೋರಲು ಹಾಕಿ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟ.

"ನನ್ನ ಕೈಲಾಗಲ್ಲ, ಲೊರೇನ್. ಬದುಕೇ ವ್ಯರ್ಥ ಆಯ್ತು."

ಬದುಕು ಯಾರದು ವ್ಯರ್ಥವಾಯಿತೆಂಬ ಬಗ್ಗೆ ಲೊರೇನಳಿಗೆ ಬೇರೆ ಅಭಿಪ್ರಾಯವಿತ್ತು. ಒಲೆಯ ಮೇಲೆ ಬೀಟ್‌ರೂಟ್ ಸೂಪು ಉಕ್ಕುವುದರಲ್ಲಿತ್ತು. "ಕೊಡಿಲ್ಲಿ ಅದನ್ನ!" ಎಂದು ಬಣ್ಣದ ಪಿಚಕಾರಿ ಕಿತ್ತುಕೊಂಡು, ಅಡುಗೆಮನೆಯ ಕಡೆ ಕತ್ತು ತಿರುಗಿಸಿಕೊಂಡೇ ಸರಸರ ನಾಲ್ಕು ಸಲ ಬೀಸಿ ಓಡಿದಳು.

ಎಡಗಡೆ ದಟ್ಟ. ಬಲಗಡೆ ಮಬ್ಬು. ಸೋರಿಕೆ ಕೂಡ ಸೋರಬೇಕಾದ ಜಾಗದಲ್ಲೇ ಸೋರಿತ್ತು.

ಸೆಪ್ಟೆಂಬರಿನ ಸ್ಪರ್ಧೆಯಲ್ಲಿ ತೀರ್ಪುಗಾರ ಡ್ವೈಟ್ ಟಾರ್ಚು ಹಿಡಿದು ತಗಡಿನ ಮುಂದೆ ಮೊಣಕಾಲೂರಿದ.

"ಮೈ ಜುಮ್ಮೆಂತು, ಕ್ಯಾಸ್. ಇಷ್ಟು ಬೇಜವಾಬ್ದಾರಿಯಿಂದ ಹೊಡೆದವರು ಯಾರು?"

"ನನ್ನ ಹೆಂಡ್ತಿ."

"ದೇವರು ಕೊಟ್ಟ ಕೈ, ಮೇಡಂ!"

ಲೊರೇನ್ ಇನ್ನೂ ಬೀಗಿ ಮುಗಿಸಿರಲಿಲ್ಲ, ಡ್ವೈಟ್ ಕಣ್ಣು ಕಿರಿದು ಮಾಡಿದ. "ಅಯ್ಯೋ, ಇಲ್ಲೊಂದು ಹೆಬ್ಬೆಟ್ಟಿನ ಗುರುತಿದೆಯಲ್ಲ! ಕಾರ್ಖಾನೇಲಿ ಕೈಗವಸು ಹಾಕ್ತಿದ್ರು. ಅದೂ ಇಷ್ಟು ಪುಟ್ಟ ಹೆಬ್ಬೆಟ್ಟು ಅಲ್ಲಿ ಯಾರಿಗಿತ್ತು?"

ಸೂಪು ಇಳಿಸಿ ಬಂದವಳು, ಬಣ್ಣ ಒಣಗಿತೇ ಎಂದು ಒತ್ತಿ ನೋಡಿದ್ದಳು.

ಒಂದು ಅಂಕ ಹೋಯಿತು. ಅದರೊಂದಿಗೆ ಚಿನ್ನವೂ ಹೋಯಿತು. "ಅರ್ಧ ಗಂಟೆ ಕೆಲಸ ಅಷ್ಟೇ," ಎಂದ ಡ್ವೈಟ್. "ಗುರುತು ಉಜ್ಜಿಬಿಟ್ಟು ಮುಂದಿನ ತಿಂಗಳು ಕಲಮಜೂ ಊರಿನ ಸ್ಪರ್ಧೆಗೆ ತನ್ನಿ. ಚಿನ್ನ ನಿಮ್ಮದೇ."

ಮನೆ ಸೇರಿದ್ದೇ ಕ್ಯಾಸಿಮಿರ್ ಟಾರ್ಚು ಹಿಡಿದು ಆ ಗುರುತಿನ ಮುಂದೆ ಮೊಣಕಾಲೂರಿದ.

"ಬಯ್ಯೋದಿದ್ರೆ ಬೈದು ಮುಗಿಸು," ಎಂದಳು ಲೊರೇನ್.

"ಹೂಂ," ಎಂದ. ಬಯ್ಯಲಿಲ್ಲ. ಇದು ಬೈಗುಳಕ್ಕಿಂತ ಭಯಂಕರವಾಗಿತ್ತು.

ಮರುದಿನ ಬೆಳಿಗ್ಗೆ ಅವಳು ತಾನೇ ಉಜ್ಜುಕಾಗದ ಹಿಡಿದು ಗ್ಯಾರೇಜಿಗೆ ಹೋದಳು. ಕ್ಯಾಸಿಮಿರ್ ಆಗಲೇ ತಗಡಿನ ಮುಂದೆ ಬಗ್ಗಿದ್ದ. ಕೈಯಲ್ಲಿ ಉಗುರಿನಷ್ಟು ಸಣ್ಣ ಕುಂಚ. ಹೆಬ್ಬೆಟ್ಟಿನ ಗುರುತಿನ ಮೇಲೆ, ಅದರ ಒಂದು ಗೆರೆಯೂ ಕದಡದ ಹಾಗೆ, ಬಣ್ಣವಿಲ್ಲದ ವಾರ್ನಿಷ್ ಹಚ್ಚುತ್ತಿದ್ದ. ಒಣಗಿತೆಂದರೆ ಕಲ್ಲಿನಂತೆ ಗಟ್ಟಿ. ಆ ಗುರುತಿಗೆ ಇನ್ನು ಅಳಿವಿಲ್ಲ.

"ಏಯ್! ತಲೆ ಕೆಟ್ಟಿದೆಯಾ ನಿನಗೆ? ಅಳಿಸು ಮಾರಾಯ! ಚಿನ್ನ ಬೇಡ್ವಾ? ನನ್ನ ಗ್ಯಾರೇಜು!" ಎಂದು ಅವಳು ಕೈ ಚಾಚಿದಳು.

ಅವನು ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟ. ತುಟಿ ಚೂಪು ಮಾಡಿ ವಾರ್ನಿಷಿನ ಮೇಲೆ ಮೆಲ್ಲಗೆ ಊದಿದ.

"ಮುಟ್ಟಬೇಡ," ಎಂದ. "ಇನ್ನೂ ಒಣಗಿಲ್ಲ."